ಜಠರಪಟ್ಟಿ ಹಾಕಿಸಿಕೊಂಡವರ ಬಾಳುವೆ ಮತ್ತು ಅವರಿಗೆ ಬೇಕಾದ ಆಸರೆ

ಹಿಂದಿನ ಸಂಚಿಕೆಯಲ್ಲಿ ನಾವು ಮಂಡಿನೋವಿನ ಕುರಿತು ಬರೆಯುತ್ತ, ದೇಹದ ಭಾರವನ್ನು ಇಳಿಸದೆ ಮಂಡಿಗೆ ಎಷ್ಟು ತೈಲ ಲೇಪಿಸಿದರೂ ಪೂರ್ಣ ಫಲ ದೊರೆಯಲಾರದು ಎಂದು ಹೇಳಿದ್ದೆವು. ಅದನ್ನು ಓದಿದ ಹಿರಿಯ ಭಕ್ತರೊಬ್ಬರು ಸಂಜೆಯ ಪ್ರವಚನ ಮುಗಿದ ಬಳಿಕ ನಮ್ಮನ್ನು ಕಂಬದ ಮರೆಗೆ ಕರೆದೊಯ್ದು, ತಮ್ಮ ಮಗಳು ತೂಕ ಇಳಿಸಲು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿರುವುದನ್ನು ತಿಳಿಸಿದರು. “ಮನ್ಯಾಗ ನಮ್ಮಿಬ್ಬರಿಗಷ್ಟ ಗೊತ್ತರೀ. ಬೀಗರಿಗೆ ಹೇಳಿಲ್ಲ. ಆಕಿಗೆ ಏನ್ ಉಣ್ಣಾಕ ಕೊಡಬೇಕು ಅನ್ನೂದ ತಿಳೀವಲ್ದು” ಎಂದರು. ಅವರ ಪ್ರಶ್ನೆ ಆಹಾರದ್ದಾಗಿತ್ತು. ಆದರೆ ನಮ್ಮ ಮನಸ್ಸನ್ನು ಕಲಕಿದ್ದು ಆ ಕಂಬದ ಮರೆ. ಏಕೆಂದರೆ ಇಂಥದೇ ಒಂದು ಮರೆಯಿಂದಾಗಿ ಹಿಂದೊಮ್ಮೆ ನಾವು ದೊಡ್ಡ ತಪ್ಪು ಮಾಡಿದ್ದೆವು.

ಅದು ಸುಮಾರು 12 ವರ್ಷಗಳ ಹಿಂದಿನ ಮಾತು. ನಲವತ್ತರ ಸಮೀಪದ ಗೃಹಿಣಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ರಾತ್ರಿ ಮಲಗಿದೊಡನೆ ಕೆಮ್ಮು, ಗಂಟಲಿಗೆ ಹುಳಿನೀರು, ಉಂಡದ್ದು ಆಗಾಗ ಮೇಲಕ್ಕೆ ಬರುವುದು. ನಾಡಿ ನೋಡಿದೆವು, ನಾಲಗೆ ನೋಡಿದೆವು, ಊಟ ನಿದ್ರೆಗಳ ವಿಚಾರ ಕೇಳಿದೆವು. ಆಮ್ಲಪಿತ್ತವೆಂದು ನಿಶ್ಚಯಿಸಿ ಅವಿಪತ್ತಿಕರ ಚೂರ್ಣ ಕೊಟ್ಟೆವು. ಖಾರ, ಹುಳಿ, ಚಹ ಬಿಡಲು ಹೇಳಿದೆವು. ಮೂರು ವಾರ ಕಳೆದರೂ ಗುಣ ಕಾಣಲಿಲ್ಲ. ನಾಲ್ಕನೆಯ ಸಲ ಬಂದಾಗ ಅವರ ತುಟಿ ಒಣಗಿತ್ತು, ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಅಂದು ಹೊಟ್ಟೆಯನ್ನು ಮುಟ್ಟಿ ಪರೀಕ್ಷಿಸುವಾಗ ಚರ್ಮದ ಕೆಳಗೆ ದೊಡ್ಡ ಗುಂಡಿಯಂತಹ ಗಟ್ಟಿ ವಸ್ತುವೊಂದು ನಮ್ಮ ಬೆರಳಿಗೆ ತಾಗಿತು. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಾಗಿತ್ತು, ನಾವು ಮಾಡಿರಲಿಲ್ಲ. ಏನಿದು ಎಂದು ಕೇಳಿದಾಗ ಆ ತಾಯಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತರು.

ಎರಡೂವರೆ ವರ್ಷಗಳ ಹಿಂದೆ ದೊಡ್ಡ ನಗರವೊಂದರಲ್ಲಿ ಅವರು ಜಠರಕ್ಕೆ ಪಟ್ಟಿ ಹಾಕಿಸಿಕೊಂಡಿದ್ದರು. ಹಣ ತವರಿನದು. ಅತ್ತೆಯ ಮನೆಯಲ್ಲಿ ಪಿತ್ತಕೋಶದ ಕಲ್ಲು ತೆಗೆಸಿದ್ದು ಎಂದು ಹೇಳಲಾಗಿತ್ತು. ಆಗಾಗ ಆ ಆಸ್ಪತ್ರೆಗೆ ಹೋಗಿ ಪಟ್ಟಿಯನ್ನು ಪರೀಕ್ಷಿಸಿಕೊಳ್ಳಬೇಕಾಗಿತ್ತು. ಮೊದಲ ವರ್ಷ ಏನಾದರೊಂದು ನೆಪ ಹೇಳಿ ಹೋಗಿ ಬಂದರು. ಕಲ್ಲು ತೆಗೆಸಿದವರು ಎಷ್ಟು ಸಲ ಆಸ್ಪತ್ರೆಗೆ ಹೋದಾರು? ನೆಪ ಮುಗಿದ ದಿನ ಪರೀಕ್ಷೆಯೂ ನಿಂತಿತು.

ಅಂದೇ ಅವರನ್ನು ಶಸ್ತ್ರವೈದ್ಯರ ಬಳಿಗೆ ಕಳುಹಿಸಿದೆವು. ಅವರು ಸೂಜಿಯಿಂದ ಪಟ್ಟಿಯೊಳಗಿನ ದ್ರವವನ್ನು ಹೊರತೆಗೆದರು. ಸ್ವಲ್ಪ ಹೊತ್ತಿನಲ್ಲೇ ಆ ತಾಯಿ ಒಂದು ಲೋಟ ನೀರನ್ನು ನೆಮ್ಮದಿಯಿಂದ ಕುಡಿದರಂತೆ. ಪಟ್ಟಿಯ ಮೇಲ್ಭಾಗದ ಜಠರದ ಚೀಲ ಹಿಗ್ಗಿಹೋಗಿತ್ತು. ಪಟ್ಟಿಯನ್ನು ಕೆಲವು ವಾರ ಸಡಿಲವಾಗಿಯೇ ಬಿಟ್ಟ ಮೇಲೆ ಅದು ಮೊದಲಿನ ಗಾತ್ರಕ್ಕೆ ಬಂತು. ಇನ್ನೂ ಒಂದು ವಾರ ನಾವು ಚೂರ್ಣವನ್ನೇ ಮುಂದುವರಿಸಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲು ಈಗಲೂ ಮನಸ್ಸು ಹಿಂಜರಿಯುತ್ತದೆ.

ಈ ಪಟ್ಟಿ ಏನು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಗ್ಯಾಸ್ಟ್ರಿಕ್ ಬ್ಯಾಂಡ್ ಎಂಬುದು ಸಿಲಿಕೋನ್‌ನಿಂದ ಮಾಡಿದ ಉಂಗುರ. ಅದನ್ನು ಜಠರದ ಮೇಲ್ಭಾಗಕ್ಕೆ, ಅನ್ನನಾಳ ಬಂದು ಸೇರುವ ಸ್ಥಳದ ತುಸು ಕೆಳಗೆ ಸುತ್ತಿ ಕಟ್ಟುತ್ತಾರೆ. ಅದರ ಮೇಲೆ 15ರಿಂದ 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಉಳಿಯುತ್ತದೆ. ಎಂದರೆ ಎರಡು ದೊಡ್ಡ ಚಮಚ ಆಹಾರದಷ್ಟೇ ಜಾಗ. ಉಂಗುರದ ಒಳಮೈಯಲ್ಲಿ ಒಂದು ಕೊಳವೆಯುಂಟು. ಅದರಿಂದ ಹೊರಟ ಸಣ್ಣ ನಳಿಕೆ ಹೊಟ್ಟೆಯ ಚರ್ಮದ ಕೆಳಗಿರುವ ಗುಂಡಿಗೆ ಸೇರಿರುತ್ತದೆ. ಆ ಗುಂಡಿಗೆ ಸೂಜಿ ಚುಚ್ಚಿ ಲವಣಜಲ ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಹೀಗೆ ಹಿಗ್ಗಿಸಿ ಕುಗ್ಗಿಸಬಲ್ಲ ಪಟ್ಟಿಯನ್ನು ಅಮೆರಿಕದಲ್ಲಿ ಲುಬೊಮಿರ್ ಕುಜ್ಮಾಕ್ ಎಂಬ ಶಸ್ತ್ರವೈದ್ಯರು 1986ರಲ್ಲಿ ಬಳಕೆಗೆ ತಂದರು. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ಅದನ್ನು ಮೊದಲು ಅಳವಡಿಸಿದವರು ಇಥಿಯೋಪಿಯಾದಲ್ಲಿ ಹುಟ್ಟಿ ಬೆಲ್ಜಿಯಂನಲ್ಲಿ ವೃತ್ತಿ ನಡೆಸಿದ ಮಿಟಿಕು ಬೆಲಾಚೆವ್. ಅದು 1993ರಲ್ಲಿ. ಇಂದು ಜಠರದ ಬಹುಭಾಗವನ್ನೇ ತೆಗೆದು ಸಪೂರ ನಳಿಕೆಯಂತೆ ಮಾಡುವ ಸ್ಲೀವ್ ಶಸ್ತ್ರಚಿಕಿತ್ಸೆ ಹೆಚ್ಚು ರೂಢಿಯಲ್ಲಿದ್ದು, ಪಟ್ಟಿ ಹಾಕುವುದು ಬಹಳ ಕಡಿಮೆಯಾಗಿದೆ. ನಮ್ಮನ್ನು ಕಂಬದ ಮರೆಗೆ ಕರೆದ ಭಕ್ತರ ಮಗಳಿಗೆ ಆಗಿರುವುದೂ ಸ್ಲೀವ್. ಆದರೆ ಹಿಂದೆ ಹಾಕಿಸಿಕೊಂಡ ಪಟ್ಟಿಯನ್ನು ಹೊತ್ತು ಬಾಳುತ್ತಿರುವವರು ನಮ್ಮ ನಡುವೆ ಇದ್ದಾರೆ. ಮುಂದೆ ಹೇಳುವ ಮಾತುಗಳಲ್ಲಿ ಹೆಚ್ಚಿನವು ಇಬ್ಬರಿಗೂ ಅನ್ವಯಿಸುತ್ತವೆ.

“ಬಾಯಿ ಕಟ್ಟಲಾರದೆ ಹೊಟ್ಟೆ ಕಟ್ಟಿಸಿಕೊಂಡಳು.” ಇಂತಹ ಮಾತು ಕೇಳಬೇಕಾದೀತೆಂಬ ಭಯವೇ ಇವರೆಲ್ಲರನ್ನೂ ಮೌನಕ್ಕೆ ತಳ್ಳುತ್ತದೆ. ಈ ಮಾತಿನಲ್ಲಿ ವೈದ್ಯಶಾಸ್ತ್ರವಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಸ್ಥೌಲ್ಯದ ಕಾರಣಗಳನ್ನು ಹೇಳುವಾಗ ಅತಿಯಾದ ಊಟ, ಸಿಹಿ ಜಿಡ್ಡುಗಳ ಸೇವನೆ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ ಇವುಗಳೊಡನೆ ಬೀಜಸ್ವಭಾವವನ್ನೂ ಎಣಿಸಿದೆ. ತಂದೆ ತಾಯಿಗಳಿಂದ ಬಂದ ದೇಹಪ್ರಕೃತಿ ಎಂದು ಅದರ ಅರ್ಥ. ಅಷ್ಟೇ ಅಲ್ಲ. ಮೇದಸ್ಸು ಸ್ರೋತಸ್ಸುಗಳನ್ನು ಮುಚ್ಚಿದಾಗ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಜಠರಾಗ್ನಿಯನ್ನು ಕೆರಳಿಸುತ್ತದೆ, ಆದ್ದರಿಂದ ಸ್ಥೂಲರಿಗೆ ಹಸಿವೂ ಬಾಯಾರಿಕೆಯೂ ಅತಿಯಾಗಿರುತ್ತವೆ ಎಂಬುದು ಅಲ್ಲಿನ ವಿವರಣೆ. ಎಂದರೆ ಆ ಅತಿಯಾದ ಹಸಿವು ರೋಗದ ಕಾರಣ ಮಾತ್ರವಲ್ಲ, ಲಕ್ಷಣವೂ ಹೌದು. ಸ್ಥೂಲ ಮತ್ತು ಕೃಶ ಇವರಿಬ್ಬರಲ್ಲಿ ಕೃಶನೇ ಮೇಲು, ಸ್ಥೂಲನ ಚಿಕಿತ್ಸೆ ಕಷ್ಟತರ ಎಂದು ಆಚಾರ್ಯರು ಒಪ್ಪಿಕೊಂಡಿದ್ದಾರೆ. ಕಷ್ಟಸಾಧ್ಯವೆಂದು ಶಾಸ್ತ್ರವೇ ಹೇಳಿದ ರೋಗವನ್ನು ಹೊತ್ತವರನ್ನು ನಾಲಗೆಯ ಚಾಪಲ್ಯದವರೆಂದು ಹಳಿಯುವುದು ಎಷ್ಟರ ಮಟ್ಟಿಗೆ ನ್ಯಾಯ? ಮೂವತ್ತು ವರ್ಷ ಆಯುರ್ವೇದ ಅಭ್ಯಾಸ ಮಾಡಿದ ನಮಗೂ ಮೊದಲು ಈ ಶಸ್ತ್ರಚಿಕಿತ್ಸೆಯ ಬಗ್ಗೆ ತಾತ್ಸಾರವಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ತಾತ್ಸಾರದ ವಾಸನೆ ಬಡಿದೇ ಆ ತಾಯಿ ನಮ್ಮೆದುರು ಬಾಯಿ ಬಿಡದೆ ಇದ್ದಿರಬಹುದು.

ಇನ್ನು ಪಟ್ಟಿ ಏನು ಮಾಡಲಾರದು ಎಂಬುದನ್ನೂ ಅರಿಯಬೇಕು. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನವೊಂದು ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ 2,010 ಮಂದಿಯನ್ನು ವರ್ಷಗಟ್ಟಲೆ ಅನುಸರಿಸಿತು. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಸಾವುಗಳು, ಅದನ್ನು ಪಡೆಯದ ಸ್ಥೂಲರಿಗಿಂತ ಕಡಿಮೆಯಿದ್ದವು ಎಂಬುದು 2007ರಲ್ಲಿ ಪ್ರಕಟವಾದ ಮುಖ್ಯ ಫಲಿತಾಂಶ. ಅದರಲ್ಲಿಯೇ ಇನ್ನೊಂದು ಸಂಗತಿಯಿದೆ. ಪಟ್ಟಿ ಹಾಕಿಸಿಕೊಂಡವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡಾ 20ರಷ್ಟು ಇಳಿದಿತ್ತು. 10 ವರ್ಷಗಳಾಗುವಾಗ ಆ ಇಳಿಕೆ ಶೇಕಡಾ 14ಕ್ಕೆ ಬಂದಿತ್ತು. ನೂರು ಕಿಲೋ ಇದ್ದವರು ಎಂಬತ್ತಕ್ಕೆ ಇಳಿದು, ಮತ್ತೆ ಎಂಬತ್ತಾರಕ್ಕೆ ಏರಿದಂತೆ. ಇದು ಸೋಲಲ್ಲ. ಆದರೆ ಎಂಬತ್ತಾರು ಕಂಡ ದಿನ “ಅಷ್ಟು ಹಣ ಸುರಿದು ಏನಾಯಿತು?” ಎಂದು ಮನೆಯವರು ಕೇಳಿದರೆ ಆ ಜೀವ ಕುಗ್ಗಿಹೋಗುತ್ತದೆ. ತೂಕ ಸ್ವಲ್ಪ ಮರಳುವುದು ಸಾಮಾನ್ಯವೆಂದು ಮನೆಯವರಿಗೆ ಮೊದಲೇ ತಿಳಿದಿರಬೇಕು.

ತೂಕ ಮರಳುವ ದಾರಿಯೂ ವಿಚಿತ್ರವಾದುದು. ಪಟ್ಟಿಯು ರೊಟ್ಟಿಯನ್ನು ತಡೆಯುತ್ತದೆ, ಪಾಯಸವನ್ನು ತಡೆಯುವುದಿಲ್ಲ. ಚೆನ್ನಾಗಿ ಅಗಿಯದ ಚಪಾತಿಯ ತುಂಡು ಎದೆಯಲ್ಲಿ ಸಿಕ್ಕಿಕೊಂಡು ಕಣ್ಣಲ್ಲಿ ನೀರು ತರಿಸುತ್ತದೆ, ಐಸ್‌ಕ್ರೀಮ್ ಸಲೀಸಾಗಿ ಜಾರುತ್ತದೆ. ಗೋದಿಹುಗ್ಗಿ, ತುಪ್ಪದಲ್ಲಿ ಅದ್ದಿದ ಹೋಳಿಗೆ, ಬಾದಾಮಿ ಹಾಲು, ಹಣ್ಣಿನ ರಸ, ಎಲ್ಲವೂ ಹಾಗೆಯೇ. ನೋವಾಗುವ ಆಹಾರವನ್ನು ಬಿಟ್ಟು ಜಾರುವ ಆಹಾರದ ಕಡೆಗೆ ಕೈ ತಾನಾಗಿ ಹೋಗುತ್ತದೆ. ಪಟ್ಟಿ ಬಹಳ ಬಿಗಿಯಾದಾಗ ಈ ಅಭ್ಯಾಸ ಹೆಚ್ಚುತ್ತದೆ. ಆದ್ದರಿಂದ “ತೂಕ ಇಳಿಯುತ್ತಿಲ್ಲ, ಇನ್ನೂ ಬಿಗಿ ಮಾಡಿಸೋಣ” ಎಂಬ ಆಲೋಚನೆ ಅನೇಕ ಸಲ ತಿರುಗುಬಾಣವಾಗುತ್ತದೆ. ಸರಿಯಾದ ಬಿಗಿ ಎಂದರೆ ಮೆತ್ತಗೆ ಬೇಯಿಸಿದ ಗಟ್ಟಿ ಆಹಾರವನ್ನು ನಿಧಾನವಾಗಿ ಉಣ್ಣಲು ಸಾಧ್ಯವಾಗಬೇಕು, ಸ್ವಲ್ಪಕ್ಕೇ ತೃಪ್ತಿಯಾಗಬೇಕು, ಮುಂದಿನ ಊಟದವರೆಗೆ ಹಸಿವು ಕಾಡಬಾರದು.

ಉಣ್ಣುವ ಕ್ರಮದಲ್ಲಿ ನಮ್ಮ ಶಾಸ್ತ್ರವೂ ಇಂದಿನ ಶಸ್ತ್ರವೈದ್ಯರೂ ಆಶ್ಚರ್ಯಕರವಾಗಿ ಒಂದೇ ಮಾತು ಹೇಳುತ್ತಾರೆ. ಬಿಸಿಯಾದುದನ್ನು, ಮಿತವಾಗಿ, ಹಿಂದಿನದು ಜೀರ್ಣವಾದ ಮೇಲೆ, ಅವಸರಪಡದೆ, ಹರಟೆ ಹೊಡೆಯದೆ, ಮನಸ್ಸಿಟ್ಟು ಉಣ್ಣಬೇಕೆಂಬುದು ಚರಕರ ಆಹಾರವಿಧಿ. ನಮ್ಮಂಥವರು ಇದನ್ನು ಮೀರಿದರೆ ಅಜೀರ್ಣವಾದೀತು. ಪಟ್ಟಿ ಇರುವವರು ಮೀರಿದರೆ ಆ ಕ್ಷಣವೇ ವಾಂತಿ. ತುತ್ತು ಹೆಬ್ಬೆರಳಿನ ಉಗುರಿನಷ್ಟಿರಲಿ. ಅದು ಬಾಯಲ್ಲಿ ಗಂಜಿಯಾಗುವಷ್ಟು ಅಗಿಯಬೇಕು. ಊಟಕ್ಕೆ 20ರಿಂದ 30 ನಿಮಿಷ ಮೀಸಲಿಡಬೇಕು. ಊಟದ ನಡುವೆ ನೀರು ಕುಡಿಯಬಾರದು, ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ಸೋಡಾ ಬೆರೆತ ಪಾನೀಯಗಳು ಬೇಡವೇ ಬೇಡ. ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ವಾರ ತೆಳುವಾದ ದ್ರವಾಹಾರ, ಬಳಿಕ ಅರೆದದ್ದು, ಬಳಿಕ ಮೆತ್ತಗಿನದು, ಸುಮಾರು 6 ವಾರಗಳ ನಂತರ ಗಟ್ಟಿ ಆಹಾರ ಎಂಬುದು ಸಾಮಾನ್ಯ ಕ್ರಮ. ಆಸ್ಪತ್ರೆಯವರು ಬೇರೆ ಕ್ರಮ ಬರೆದುಕೊಟ್ಟಿದ್ದರೆ ಅದೇ ಪ್ರಮಾಣ.

ನಮ್ಮ ಭಾಗದ ಊಟದಲ್ಲಿ ಎಚ್ಚರ ಬೇಕಾದುದು ರೊಟ್ಟಿಯ ವಿಷಯದಲ್ಲಿ. ಖಡಕ್ ರೊಟ್ಟಿಯನ್ನು ಹಾಗೆಯೇ ತಿನ್ನುವಂತಿಲ್ಲ. ಬಿಸಿರೊಟ್ಟಿಯನ್ನೂ ಸಾರಿನಲ್ಲಿ ಅಥವಾ ಮಜ್ಜಿಗೆಯಲ್ಲಿ ನೆನೆಸಿಯೇ ತಿನ್ನುವುದು ಲೇಸು. ಮುದ್ದೆಯಾದ ಅನ್ನ, ನುಗ್ಗೆಕಾಯಿಯ ನಾರು, ಕಿತ್ತಳೆಯ ತೊಳೆಯ ಬಿಳಿ ಪೊರೆ ಇವು ಸಿಕ್ಕಿಕೊಳ್ಳುವಂಥವು. ಜೋಳದ ನುಚ್ಚು, ಚೆನ್ನಾಗಿ ಬೆಂದ ಹೆಸರುಬೇಳೆ, ಮೆತ್ತಗಿನ ಝುಣಕ, ಮೊಸರು, ಪನೀರು ಒಗ್ಗುತ್ತವೆ. ಸಸ್ಯಾಹಾರಿಗಳಾದ ನಮಗೆ ದೊಡ್ಡ ಸವಾಲು ಪ್ರೋಟೀನ್. ದಿನಕ್ಕೆ ಸುಮಾರು 60 ಗ್ರಾಂ ಬೇಕೆನ್ನುತ್ತಾರೆ. 100 ಗ್ರಾಂ ಪನೀರಿನಲ್ಲಿ ದೊರೆಯುವುದು ಸುಮಾರು 18 ಗ್ರಾಂ, ಒಂದು ಹಿಡಿ ಬೇಳೆಯಲ್ಲಿ ಸುಮಾರು 7 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂನ ಆಸುಪಾಸು. ಲೆಕ್ಕ ಹಾಕಿದರೆ ತಿಳಿಯುತ್ತದೆ, ತಟ್ಟೆಯಲ್ಲಿ ಬೇಳೆ ಪನೀರುಗಳನ್ನು ಮೊದಲು ಉಂಡು ಅನ್ನ ರೊಟ್ಟಿಗಳನ್ನು ಕಡೆಗೆ ಮುಟ್ಟಿದರಷ್ಟೇ ಇದು ಸಾಧ್ಯ. ಜೊತೆಗೆ ಬಿ12, ಕಬ್ಬಿಣ, ಡಿ ಜೀವಸತ್ವಗಳ ರಕ್ತಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ಮೊದಲ ಆರು ತಿಂಗಳಲ್ಲಿ ಕೂದಲು ಉದುರುವುದು ಕಂಡರೆ ಹೆದರಬೇಕಿಲ್ಲ. ಪೋಷಣೆ ಸರಿಯಿದ್ದರೆ ಅದು ಮತ್ತೆ ಬರುತ್ತದೆ.

ಅಪಾಯದ ಲಕ್ಷಣಗಳನ್ನು ಮನೆಯವರೆಲ್ಲರೂ ಬಲ್ಲವರಾಗಿರಬೇಕು. ನೀರೂ ಇಳಿಯದ ಸ್ಥಿತಿ, ನಿಲ್ಲದ ವಾಂತಿ, ಹೊಟ್ಟೆಯ ಅಥವಾ ಎದೆಯ ತೀವ್ರ ನೋವು, ಜ್ವರದೊಡನೆ ಚರ್ಮದ ಕೆಳಗಿನ ಗುಂಡಿಯ ಸುತ್ತ ಕೆಂಪು ಇವು ಕಂಡರೆ ಬೆಳಗಾಗುವುದನ್ನು ಕಾಯಬಾರದು. ಪಟ್ಟಿ ಜಾರಿರಬಹುದು, ಅಪರೂಪಕ್ಕೆ ಜಠರದ ಗೋಡೆಯನ್ನು ಕೊರೆದು ಒಳಹೊಕ್ಕಿರಲೂಬಹುದು. ರಾತ್ರಿಯ ಕೆಮ್ಮು ಮತ್ತು ಹುಳಿತೇಗು ಪಟ್ಟಿ ಅತಿಯಾಗಿ ಬಿಗಿಯಾಗಿರುವುದರ ಗುರುತು. ನಾವು ಎಡವಿದ್ದು ಇಲ್ಲಿಯೇ. ದಿನಗಟ್ಟಲೆ ವಾಂತಿಯಾದವರಲ್ಲಿ ಬಿ1 ಜೀವಸತ್ವ ಬರಿದಾಗಿ ನಡಿಗೆ ತೂರಾಡುವುದು, ಕಣ್ಣು ಮಂಜಾಗುವುದು, ಬುದ್ಧಿ ಗೊಂದಲಗೊಳ್ಳುವುದು ಉಂಟು. ಆಗ ತಡಮಾಡಿದರೆ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ. ಪಟ್ಟಿಯಿಂದ ತೊಂದರೆಯಾಗಿ ಅದನ್ನು ತೆಗೆಸಬೇಕಾಗಿ ಬರುವುದು ಅಪರೂಪವಲ್ಲ. ಹಾಗಾದರೆ ಅದು ರೋಗಿಯ ಅಪರಾಧವಲ್ಲ.

ನಮ್ಮ ವೃತ್ತಿಬಾಂಧವರಿಗೂ ಔಷಧಿಯಂಗಡಿಯಿಂದ ತಾವೇ ಕೊಂಡು ಸೇವಿಸುವವರಿಗೂ ಒಂದು ಮಾತು. ಇಸಬಗೋಲು ನೀರು ಹೀರಿ ಉಬ್ಬುವ ವಸ್ತು, ಪಟ್ಟಿಯ ಮೇಲಿನ ಪುಟ್ಟ ಚೀಲದಲ್ಲಿ ಅದು ಅಡಚಣೆ ಮಾಡಬಲ್ಲದು. ಒಣ ಚೂರ್ಣವನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದು, ದೊಡ್ಡ ಗುಗ್ಗುಲು ಮಾತ್ರೆಗಳನ್ನು ಇಡಿಯಾಗಿ ನುಂಗುವುದು ಇವರಿಗೆ ಸಲ್ಲದು. ತೂಕ ಬೇಗ ಇಳಿಯಲೆಂದು ಶಸ್ತ್ರವೈದ್ಯರಿಗೆ ತಿಳಿಸದೆ ಲೇಖನ ಔಷಧಗಳನ್ನು ಸೇವಿಸುವುದಂತೂ ಬೇಡ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಗುಳಿಗೆಗಳನ್ನು ತಾವಾಗಿ ನುಂಗಬಾರದು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಔಷಧಿಗಳ ಪ್ರಮಾಣವನ್ನು ತೂಕ ಇಳಿದಂತೆ ವೈದ್ಯರು ಕಡಿಮೆ ಮಾಡಬೇಕಾಗುತ್ತದೆ. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಶಸ್ತ್ರಚಿಕಿತ್ಸೆಯಾದ ಮೇಲೆ 12ರಿಂದ 18 ತಿಂಗಳು ಕಾಯುವುದು ಒಳಿತು. ಗರ್ಭಿಣಿಯಾದಾಗ ಪಟ್ಟಿಯನ್ನು ಸಡಿಲಿಸುವ ಸೌಕರ್ಯವಿದೆ.

ಈಗ ಆಸರೆಯ ವಿಚಾರ. ಆ ತಾಯಿ ಚೇತರಿಸಿಕೊಂಡ ಮೇಲೆ, ಮನೆಯಲ್ಲಿ ಒಬ್ಬರಿಗಾದರೂ ತಿಳಿಸಲೇಬೇಕೆಂದು ನಾವು ಹಟ ಹಿಡಿದೆವು. ಅವರು ಅತ್ತೆಯವರನ್ನು ನಮ್ಮ ಚಿಕಿತ್ಸಾಲಯಕ್ಕೇ ಕರೆತಂದರು. ಹೇಳುವ ಹೊಣೆ ನಮ್ಮದಾಯಿತು. ಕಾಗದದ ಮೇಲೆ ಜಠರದ ಚಿತ್ರ ಬರೆದು ತೋರಿಸಿದೆವು. ಆ ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಸಿಟ್ಟು ಬಂದಿದ್ದಂತೂ ನಿಜ. ಸುಳ್ಳು ಹೇಳಿದ್ದಕ್ಕೆ, ಶಸ್ತ್ರಚಿಕಿತ್ಸೆಗಲ್ಲ. ಕೊನೆಗೆ ಕೇಳಿದರು: “ರೊಟ್ಟಿ ಮಜ್ಜಿಗ್ಯಾಗ ನೆನಸಿ ಕೊಟ್ರ ನಡೀತೈತೇನ್ರಿ?” ಆ ದಿನದಿಂದ ಆ ಮನೆಯ ಅಡುಗೆ ಬದಲಾಯಿತು. ಪರೀಕ್ಷೆಯ ದಿನಗಳನ್ನು ನೆನಪಿಡುವ ಕೆಲಸವನ್ನು ಅತ್ತೆಯವರೇ ವಹಿಸಿಕೊಂಡರು. ಸೊಸೆಯ ತೂಕ ಆಮೇಲೆ ಸ್ವಲ್ಪ ಏರಿತು, ಇಳಿಯಿತು, ಮತ್ತೆ ಏರಿತು. ಆದರೆ ಅವರು ಮತ್ತೆ ಒಂದು ಪರೀಕ್ಷೆಯನ್ನೂ ತಪ್ಪಿಸಲಿಲ್ಲ.

ಅದೇ ಸಂದರ್ಭದಲ್ಲಿ ಅವರು ಹೇಳಿದ ಇನ್ನೊಂದು ಸಂಗತಿಯನ್ನು ನಮ್ಮ ಮಠದ ಭಕ್ತರೆಲ್ಲರೂ ಗಮನಿಸಬೇಕು. ಎರಡು ವರ್ಷ ಅವರು ಜಾತ್ರೆಗೆ ಬಂದಿರಲಿಲ್ಲ. ಕಾರಣ ದಾಸೋಹ. ಪಂಕ್ತಿಯಲ್ಲಿ ಕುಳಿತರೆ ಬಡಿಸುವವರು ಭಕ್ತಿಯಿಂದ ಎರಡು ಸೌಟು ಹುಗ್ಗಿ ನೀಡುತ್ತಾರೆ. ಪ್ರಸಾದವನ್ನು ಎಲೆಯಲ್ಲಿ ಬಿಡುವಂತಿಲ್ಲ. ಉಂಡರೆ ವಾಂತಿ, ಬಿಟ್ಟರೆ ಪ್ರಸಾದದ ಅವಮಾನ. ಆದ್ದರಿಂದ ಬರುವುದನ್ನೇ ಬಿಟ್ಟರು. ಒಂದು ಚಮಚ ಪ್ರಸಾದವೂ ಪ್ರಸಾದವೇ. ಎಲೆಯ ಮೇಲೆ ಕೈ ಅಡ್ಡ ಹಿಡಿದು “ಇಷ್ಟು ಸಾಕು” ಎಂದವರಿಗೆ ಬಡಿಸುವವರು ಮತ್ತೊಮ್ಮೆ ಒತ್ತಾಯ ಮಾಡಬಾರದು, ಏಕೆಂದು ಕೇಳಲೂಬಾರದು. ಪಟ್ಟಿ ಇರುವವರು ಪಂಕ್ತಿಯ ತುದಿಯಲ್ಲಿ ಕುಳಿತರೆ ನಿಧಾನವಾಗಿ ಉಣ್ಣಲು ಅನುಕೂಲ. ಈ ಕುರಿತು ದಾಸೋಹದ ಸೇವಾಕರ್ತರೊಡನೆ ನಾವು ಮಾತನಾಡಿದ್ದೇವೆ.

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಇನ್ನೊಬ್ಬರೊಡನೆ ಮಾತನಾಡುವುದರಷ್ಟು ಧೈರ್ಯ ಕೊಡುವ ಸಂಗತಿ ಬೇರೊಂದಿಲ್ಲ. ಸಿಕ್ಕಿಕೊಂಡ ತುತ್ತಿನ ನೋವನ್ನು ಅನುಭವಿಸಿದವರೇ ಬಲ್ಲರು. ವೈದ್ಯರು ಅದನ್ನು ಪುಸ್ತಕದಿಂದ ಬಲ್ಲರು. ಇಂತಹ ಶಸ್ತ್ರಚಿಕಿತ್ಸೆ ನಡೆಸುವ ಅನೇಕ ಆಸ್ಪತ್ರೆಗಳು ತಮ್ಮ ರೋಗಿಗಳನ್ನು ಆಗಾಗ ಒಟ್ಟುಗೂಡಿಸುತ್ತವೆ, ಅಲ್ಲಿಯ ಆಹಾರತಜ್ಞರನ್ನು ಕೇಳಿದರೆ ವಿವರ ದೊರೆಯುತ್ತದೆ. ದೇಹ ಕರಗಿದರೂ ಮನಸ್ಸು ಭಾರವಾಗುವುದುಂಟು. ದುಃಖ ಬಂದಾಗ ತಿನ್ನುವುದೇ ಸಮಾಧಾನವಾಗಿದ್ದವರಿಗೆ ಆ ದಾರಿ ಒಮ್ಮೆಗೇ ಮುಚ್ಚಿಹೋಗಿರುತ್ತದೆ. ಸಡಿಲವಾದ ಚರ್ಮ, ನೆಂಟರ ಟೀಕೆ, ಪತಿಪತ್ನಿಯರ ನಡುವೆ ಮೂಡುವ ಹೊಸ ಸಂಶಯಗಳು ಇವೆಲ್ಲ ಸೇರಿ ಕೆಲವರು ಖಿನ್ನತೆಗೆ ಜಾರುತ್ತಾರೆ. ಬದುಕು ಬೇಡವೆಂಬ ಮಾತು ಬಾಯಲ್ಲಿ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ಕಂಬದ ಮರೆಯಲ್ಲಿ ಮಾತನಾಡಿದ ಆ ಹಿರಿಯರಿಗೆ, ಮುಂದಿನ ಸೋಮವಾರ ಮಗಳನ್ನು ಕರೆದುಕೊಂಡು ಬರಲು ಹೇಳಿದ್ದೇವೆ. ಆಸ್ಪತ್ರೆಯವರು ಬಿಡುಗಡೆಯ ದಿನ ಕೊಟ್ಟ ಕಾಗದ, ಈಗ ಸೇವಿಸುತ್ತಿರುವ ಎಲ್ಲ ಔಷಧಿಗಳು, ಮುಂದಿನ ಪರೀಕ್ಷೆಯ ದಿನಾಂಕ ಇವು ಜೊತೆಗಿರಲಿ ಎಂದಿದ್ದೇವೆ. ಸಾಧ್ಯವಾದರೆ ಬೀಗತಿಯವರನ್ನೂ ಕರೆತನ್ನಿ ಎಂದಾಗ ಅವರು ಉತ್ತರ ಹೇಳದೆ ಹೆಗಲ ಮೇಲಿನ ವಲ್ಲಿಯನ್ನು ಸರಿಪಡಿಸಿಕೊಂಡರು. ಹೇಳುವುದು ಕಷ್ಟವೆನಿಸಿದರೆ ಚಿತ್ರ ಬರೆದು ತೋರಿಸುವ ಕೆಲಸ ನಮ್ಮದು ಎಂದು ತಿಳಿಸಿ ಬಂದಿದ್ದೇವೆ.